ಊರ ಕಟ್ಟಡಗಳೂ ಸಂಜೆಯ ಹೊತ್ತೂ



ಕಳೆದ ಸಂಚಿಕೆಯ ಪಾಠದಲ್ಲಿ ಭವಿಷ್ಯನಿಧಿಯ ಹಣ ಪಡೆಯುವ ಕ್ರಮವನ್ನು ಹೇಳಿದ್ದೆವು. ಈ ಸಲದ ಪಾಠ ಊರಿಗೆ ಸೇರಿದ ಕಟ್ಟಡಗಳನ್ನು ಕುರಿತದ್ದು. ವಿಷಯ ಒಣಗಿದ್ದೆಂದು ಪುಟ ಮಗುಚಬೇಡಿರಿ. ನಮ್ಮ ವಾಚನಾಲಯ ಉಳಿಯುವುದೋ ಇಲ್ಲವೋ ಎಂಬ ಮಾತು ಇದರಲ್ಲಿಯೇ ಇದೆ.

ನಾವು ಈಗ ಕೂಡುತ್ತಿರುವ ಕೋಣೆಯನ್ನು ಅದರ ಮಾಲೀಕರು ಬರುವ ದೀಪಾವಳಿಗೆ ಬಿಟ್ಟುಕೊಡಲು ಕೇಳಿದ್ದಾರೆ. ಅವರ ಮಗನ ಲಗ್ನ ಗೊತ್ತಾಗಿದೆ, ಮನೆ ಸಾಲದು. ಇಷ್ಟು ವರ್ಷ ಕಡಿಮೆ ಬಾಡಿಗೆಗೆ ಕೊಟ್ಟವರ ಮೇಲೆ ದೂರು ಹೇಳುವುದು ನ್ಯಾಯವಲ್ಲ. ಆದರೆ ಮೂರು ಕಪಾಟು ಪುಸ್ತಕ, ಎರಡು ಮೇಜು, ಪತ್ರಿಕೆಗಳ ಕಟ್ಟು ಇವನ್ನೆಲ್ಲ ಹೊತ್ತು ನಾವು ಹೋಗುವುದೆಲ್ಲಿಗೆ? ಇದೇ ಗಲ್ಲಿಯಲ್ಲಿ ಬೇರೆ ಕೋಣೆ ವಿಚಾರಿಸಿದೆವು. ಅವರು ಕೇಳಿದ ಬಾಡಿಗೆ ನಮ್ಮ ವರ್ಷದ ವಂತಿಗೆಯನ್ನು ನಾಲ್ಕೇ ತಿಂಗಳಲ್ಲಿ ನುಂಗುವಂಥದು.

ಮೊಬೈಲಿನಲ್ಲಿ ಎಲ್ಲವೂ ಸಿಗುವಾಗ ವಾಚನಾಲಯವೇಕೆ ಎಂದು ಕೇಳುವವರು ನಮ್ಮಲ್ಲಿಯೂ ಇದ್ದಾರೆ. ಅಂಥವರು ಒಮ್ಮೆ ಸಾತಪೂರ, ಅಂಬಡ ಕಡೆಯ ನಮ್ಮ ಹುಡುಗರ ಕೋಣೆಗಳಿಗೆ ಹೋಗಿ ನೋಡಬೇಕು. ಒಂದು ಕೋಣೆಯಲ್ಲಿ ಐದಾರು ಜನ. ಹಗಲು ಪಾಳಿಯವನು ಸಂಜೆ ಮರಳಿದಾಗ ರಾತ್ರಿ ಪಾಳಿಯವನು ಇನ್ನೂ ಮಲಗಿರುತ್ತಾನೆ. ದೀಪ ಹಚ್ಚಿದರೆ ಅವನ ನಿದ್ದೆ ಕೆಡುತ್ತದೆ, ಹಚ್ಚದಿದ್ದರೆ ಇವನ ಓದು ಕೆಡುತ್ತದೆ. ಪರೀಕ್ಷೆಗೆ ಕಟ್ಟಿದವನಿಗೆ ಪುಸ್ತಕಕ್ಕಿಂತ ಮೊದಲು ಬೇಕಾದದ್ದು ಒಂದು ಬೆಂಚು, ಒಂದು ದೀಪ, ಎರಡು ತಾಸಿನ ಮೌನ.

ಕಳೆದ ತಿಂಗಳ ಒಂದು ಸಂಜೆ ನಮ್ಮಲ್ಲಿ ಇಬ್ಬರು ನೋಟ್‌ಬುಕ್ಕು ಹಿಡಿದು ವಾಚನಾಲಯದಿಂದ ಬಸ್ ನಿಲ್ದಾಣದವರೆಗೆ ನಡೆದು ಹೋದೆವು. ದಾರಿಯಲ್ಲಿ ಸರ್ಕಾರದ್ದಾಗಲಿ ಮಹಾನಗರಪಾಲಿಕೆಯದ್ದಾಗಲಿ ಎಂದು ಬೋರ್ಡು ಹೇಳುವ ಪ್ರತಿಯೊಂದು ಕಟ್ಟಡದ ಮುಂದೆ ನಿಂತು, ಅದು ಎಷ್ಟು ಹೊತ್ತಿಗೆ ತೆರೆಯುತ್ತದೆ, ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಕೀಲಿ ಯಾರ ಕಡೆ ಎಂದು ಚಹದಂಗಡಿಯವರನ್ನೂ ಕಾವಲುಗಾರರನ್ನೂ ಕೇಳಿ ಬರೆದುಕೊಂಡೆವು. ಎರಡು ಮಾಳಿಗೆಯ ಶಾಲೆ, ಐದೂವರೆಗೆ ಕತ್ತಲೆ. ಒಂದು ಸಮಾಜಮಂದಿರ, ಲಗ್ನದ ದಿನ ಬಿಟ್ಟರೆ ಕೀಲಿ. ಒಂದು ವ್ಯಾಯಾಮಶಾಲೆ, ಮುಂಜಾನೆ ಮಾತ್ರ. ಒಂದು ವಾರ್ಡು ಕಚೇರಿ, ಅದರ ಮೇಲಿನ ಅಂತಸ್ತಿನಲ್ಲಿ ಮುರಿದ ಕುರ್ಚಿಗಳು. ಅರ್ಧ ಮೈಲಿನ ದಾರಿಯಲ್ಲಿ ನಾಲ್ಕು ಕಟ್ಟಡ, ನಾಲ್ಕೂ ಸಂಜೆ ಏಳಕ್ಕೆ ಮುಚ್ಚಿದ್ದವು. ಅದೇ ದಾರಿಯಲ್ಲಿ ಚಹದಂಗಡಿಗಳ ಮುಂದೆ ಕೂಡಲು ಜಾಗವಿರಲಿಲ್ಲ.

ಈ ಮಾತನ್ನು ಶಾಲೆಯ ಲೆಕ್ಕದಿಂದ ತಿಳಿಯೋಣ. ನಾವು ಕಾರಕೂನರು, ನಮಗೆ ಅಂಕಿಯೇ ಸಲೀಸು. ವರ್ಷಕ್ಕೆ ಒಟ್ಟು 8760 ತಾಸು. 2009ರ ಶಿಕ್ಷಣ ಹಕ್ಕು ಕಾಯದೆಯು ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ತಾಸು ಪಾಠ ಆಗಬೇಕೆನ್ನುತ್ತದೆ. ಆರರಿಂದ ಎಂಟಕ್ಕೆ 220 ದಿನ, 1000 ತಾಸು. ಹೆಚ್ಚಿನದನ್ನೇ ಹಿಡಿದರೂ ಒಂಬತ್ತರಲ್ಲಿ ಒಂದು ಪಾಲು ಹೊತ್ತು ಮಾತ್ರ ಆ ಕೋಣೆಯಲ್ಲಿ ಪಾಠ ನಡೆಯುತ್ತದೆ. ಎರಡು ಪಾಳಿಯ ಶಾಲೆಯಾದರೆ ಇದರ ಇಮ್ಮಡಿ ಎನ್ನಿರಿ. ಉಳಿದ ಹೊತ್ತಿನಲ್ಲಿ ರಾತ್ರಿಯ ನಿದ್ದೆಯ ಪಾಲನ್ನು ಬಿಟ್ಟುಬಿಡೋಣ. ನಾವು ಕೇಳುವುದು ವಾರದ ಆರು ದಿನ ಸಂಜೆ ಏಳರಿಂದ ಒಂಬತ್ತು, ಭಾನುವಾರ ನಾಲ್ಕು ತಾಸು. ವರ್ಷಕ್ಕೆ 832 ತಾಸು ಆಗುತ್ತದೆ. ಅಂದರೆ ಚಿಕ್ಕ ಮಕ್ಕಳಿಗೆ ಕಾಯದೆ ಗೊತ್ತುಮಾಡಿದ ಇಡೀ ವರ್ಷದ ಪಾಠದಷ್ಟು ಹೊತ್ತು, ಒಂದು ಇಟ್ಟಿಗೆಯನ್ನೂ ಹೊಸದಾಗಿ ಇಡದೆ, ಅದೇ ಕೋಣೆಯಿಂದ ಹೊರಡುತ್ತದೆ.

ವಿದ್ಯುತ್ತಿನ ಖರ್ಚು ಯಾರದೆಂದು ಅಧಿಕಾರಿಗಳು ಮೊದಲು ಕೇಳುತ್ತಾರೆ. ಅದನ್ನೂ ಕೂಡಿಸಿ ನೋಡಿದ್ದೇವೆ. ಕೋಣೆಗೆ 20 ವ್ಯಾಟಿನ ನಾಲ್ಕು ದೀಪ, 75 ವ್ಯಾಟಿನ ಎರಡು ಪಂಖ; ಒಟ್ಟು 230 ವ್ಯಾಟ್. 832 ತಾಸಿಗೆ 191 ಯೂನಿಟ್ಟು ಚಿಲ್ಲರೆ. ಯೂನಿಟ್ಟಿಗೆ 10 ರೂಪಾಯಿ ಎಂದು ದುಬಾರಿಯಾಗಿಯೇ ಹಿಡಿಯಿರಿ. ಎರಡು ಕೋಣೆಗೆ ವರ್ಷಕ್ಕೆ ನಾಲ್ಕು ಸಾವಿರ ರೂಪಾಯಿಯ ಒಳಗೇ ಆಯಿತು. ಇಷ್ಟನ್ನು ನಾವು ತುಂಬಬಲ್ಲೆವು. ಹಾಗಾದರೆ ತೊಡಕು ಹಣದ್ದಲ್ಲ. ಕೀಲಿ ಯಾರ ಕೈಯಲ್ಲಿ, ಬೆಳಿಗ್ಗೆ ಮಕ್ಕಳು ಬಂದಾಗ ನೆಲ ಗುಡಿಸಿರುತ್ತದೆಯೇ, ಕಿಡಕಿಯ ಗಾಜು ಒಡೆದರೆ ಉತ್ತರ ಹೇಳುವವರಾರು ಎಂಬುದೇ ತೊಡಕು.

ನಮ್ಮವರಿಗೆ ಇದು ಹೊಸ ಸಂಗತಿಯಲ್ಲ. ಮುಂಬಯಿಯ ಕನ್ನಡಿಗರ ವಿದ್ಯೆಯ ಚರಿತ್ರೆ ಬಹಳಮಟ್ಟಿಗೆ ಸಂಜೆಯ ಕೋಣೆಗಳ ಚರಿತ್ರೆಯೇ. ಕರಾವಳಿಯಿಂದ ಹೋಟೆಲು ಕೆಲಸಕ್ಕೆಂದು ಬಂದ ಹುಡುಗರು ಹಗಲೆಲ್ಲ ತಟ್ಟೆ ತೊಳೆದು, ಟೇಬಲು ಒರೆಸಿ, ರಾತ್ರಿಶಾಲೆಯಲ್ಲಿ ಕುಳಿತು ಮೆಟ್ರಿಕ್ ಮುಗಿಸಿದರು. ಮೊಗವೀರ ವ್ಯವಸ್ಥಾಪಕ ಮಂಡಳಿಯವರ ರಾತ್ರಿಶಾಲೆ ಆರಂಭವಾದದ್ದು 1908ರಲ್ಲಿ. ಆಮೇಲೆ ಬೇರೆ ಬೇರೆ ಸಂಘಗಳವರು ಇಂಥ ಶಾಲೆಗಳನ್ನು ನಡೆಸಿದರು. ಅಲ್ಲಿ ಕಲಿತವರು ಬ್ಯಾಂಕಿನಲ್ಲಿ, ರೈಲ್ವೆಯಲ್ಲಿ ಗುಮಾಸ್ತರಾದರು. ಕೆಲವರು ತಾವೇ ಹೋಟೆಲು ಮಾಲೀಕರಾದರು.

ಮುಂಬಯಿಯ ರಾತ್ರಿಶಾಲೆಗಳು, ಭಾಷೆ ಯಾವುದೇ ಇರಲಿ, ಬಹುಮಟ್ಟಿಗೆ ನಡೆಯುವುದು ಹಗಲಿನ ಶಾಲೆಗಳ ಕಟ್ಟಡದಲ್ಲಿ. ಅವುಗಳಲ್ಲಿ ಮಹಾನಗರಪಾಲಿಕೆಯ ಶಾಲೆಗಳೇ ಬಹಳ. ಕೋಣೆ ಒಂದೇ, ಹಗಲು ಒಬ್ಬರದು, ಇರುಳು ಇನ್ನೊಬ್ಬರದು. ಇದರ ಕಷ್ಟವನ್ನೂ ಅರಿತಿರಬೇಕು. ಹಗಲಿನವರು ಹೋಗುವಾಗ ಪ್ರಯೋಗಶಾಲೆಗೂ ಪುಸ್ತಕದ ಕಪಾಟಿಗೂ ಕೀಲಿ ಹಾಕಿ ಹೋಗುತ್ತಾರೆ. ಇರುಳಿನವರಿಗೆ ಉಳಿಯುವುದು ಬೆಂಚು, ಕರಿಹಲಗೆ. ಆರಡಿ ಎತ್ತರದ ಹುಡುಗ ಮೂರನೆಯ ತರಗತಿಯ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂಡಬೇಕು. 2008ರಿಂದ ಈ ಶಾಲೆಗಳ ಬೆನ್ನಿಗೆ ನಿಂತಿರುವ ಮಾಸೂಮ್ ಎಂಬ ಸಂಸ್ಥೆಯವರು ರಾತ್ರಿಯ ಮಕ್ಕಳಿಗಾಗಿ ಸಂಚಾರಿ ವಿಜ್ಞಾನ ಪ್ರಯೋಗಶಾಲೆಯನ್ನೇ ಏರ್ಪಡಿಸಬೇಕಾಯಿತು. ಪ್ರಯೋಗಶಾಲೆ ಅದೇ ಮಾಳಿಗೆಯಲ್ಲಿ ಇರುವಾಗ ಹೊರಗಿನಿಂದ ಇನ್ನೊಂದನ್ನು ತರುವುದೆಂದರೆ ನಗೆಪಾಟಲಲ್ಲವೇ? ಆದರೆ ತಪ್ಪು ಒಂದು ಕಡೆಯದ್ದೆಂದು ಹೇಳಲಾಗದು. ಗಾಜಿನ ಸಾಮಾನು ಒಡೆದರೆ ಹಗಲಿನ ಮಾಸ್ತರರ ಹೆಸರಿಗೆ ಬರುತ್ತದೆ. ಅವರು ಕೀಲಿ ಹಾಕದೆ ಏನು ಮಾಡಿಯಾರು?

ಇದರಿಂದ ನಾವು ಕಲಿತದ್ದಿಷ್ಟು. ಕೋಣೆ ಕೇಳುವಾಗಲೇ ಒಂದು ಕಪಾಟಿನ ಜಾಗವನ್ನೂ ಕೇಳಬೇಕು, ಕಪಾಟು ನಮ್ಮದಾಗಿರಬೇಕು, ಕೀಲಿಯೂ ನಮ್ಮದಾಗಿರಬೇಕು. ಶಾಲೆಯ ಸಾಮಾನಿಗೆ ಕೈ ಹಚ್ಚುವುದಿಲ್ಲವೆಂದು ಬರೆದುಕೊಡಬೇಕು. ಪುಸ್ತಕವನ್ನು ದಿನವೂ ಹೊತ್ತು ತಂದು ಹೊತ್ತು ಒಯ್ಯುವ ವಾಚನಾಲಯ ಮೂರು ತಿಂಗಳು ನಡೆಯಲಾರದು. ಎರಡು ಅಡಿ ಅಗಲದ ಈ ಕಪಾಟಿನ ಮೇಲೆ ನಮ್ಮ ಅರ್ಜಿಯ ಅರ್ಧ ಭಾರವಿದೆ ಎಂದರೆ ಅತಿಶಯವಲ್ಲ.

ಹೊರದೇಶದ ಉದಾಹರಣೆ ಒಂದನ್ನು ಹೇಳುತ್ತೇವೆ, ಅದು ಕಾರ್ಖಾನೆಯ ಊರಿನದ್ದಾದ್ದರಿಂದ. ಅಮೆರಿಕದ ಮಿಶಿಗನ್ ಪ್ರಾಂತದ ಫ್ಲಿಂಟ್ ಎಂಬುದು ಮೋಟಾರು ಗಾಡಿಗಳ ಊರು. ದೊಡ್ಡ ಮುಗ್ಗಟ್ಟಿನ ಕಾಲದಲ್ಲಿ ಅಲ್ಲಿಯ ಶಾಲೆಗಳ ವ್ಯಾಯಾಮ ಶಿಕ್ಷಣಾಧಿಕಾರಿಯಾಗಿದ್ದ ಫ್ರಾಂಕ್ ಮ್ಯಾನ್ಲಿ ಎಂಬಾತ, ಬೀದಿಯಲ್ಲಿ ಅಲೆಯುವ ಮಕ್ಕಳನ್ನೂ ಸಂಜೆ ಕತ್ತಲೆಯಾಗುವ ಶಾಲೆಗಳನ್ನೂ ಒಟ್ಟಿಗೆ ಕಂಡನು. ಮೋಟಾರು ಉದ್ಯಮಿಯಾದ ಚಾರ್ಲ್ಸ್ ಸ್ಟುವರ್ಟ್ ಮಾಟ್ ಎಂಬವರು 1935ರಲ್ಲಿ 6000 ಡಾಲರು ಕೊಟ್ಟರು. ಅಷ್ಟರಲ್ಲಿ ಐದು ಶಾಲೆಗಳ ಬಾಗಿಲು ಸಂಜೆಯೂ ತೆರೆದವು. ಮೊದಲು ಮಕ್ಕಳ ಆಟ, ಆಮೇಲೆ ದೊಡ್ಡವರ ವರ್ಗ. ಮುಂದೆ ಇದನ್ನು ನೋಡಿಹೋಗಲು ಬೇರೆ ಊರುಗಳವರು ಬಂದರು. ಇದಕ್ಕೂ ಐದು ವರ್ಷ ಮೊದಲು, 1930ರಲ್ಲಿ, ಇಂಗ್ಲೆಂಡಿನ ಸಾಸ್ಟನ್ ಎಂಬ ಹಳ್ಳಿಯಲ್ಲಿ ಹೆನ್ರಿ ಮಾರಿಸ್ ಎಂಬ ಶಿಕ್ಷಣಾಧಿಕಾರಿ ಹಗಲು ಮಕ್ಕಳಿಗೆ, ಸಂಜೆ ಊರವರಿಗೆ ಎಂದು ನಕಾಶೆಯಲ್ಲಿಯೇ ಯೋಚಿಸಿದ ಶಾಲೆಯನ್ನು ಕಟ್ಟಿಸಿದ್ದನು. ಫ್ಲಿಂಟ್ ಊರಿಗೆ ಮುಂದೆ ಕೆಟ್ಟ ಕಾಲ ಬಂತು. ಕಾರ್ಖಾನೆಗಳು ಹೋದವು, ಜನ ಹೋದರು, ಶಾಲೆಗಳೇ ಮುಚ್ಚಿದವು. ಯಾವ ಏರ್ಪಾಟೂ ಊರಿನ ದುಡಿಮೆಗಿಂತ ಗಟ್ಟಿಯಲ್ಲ.

ಇನ್ನು ನಮ್ಮ ನಾಸಿಕ್‌ಗೆ ಬರೋಣ. ಮಹಾನಗರಪಾಲಿಕೆಯವರು ಕೊಡಲು ಅಂಜುತ್ತಾರೆ ಎಂದು ನಮ್ಮಲ್ಲಿ ಅನೇಕರು ಸಿಟ್ಟಾಗುತ್ತಾರೆ. ಅಂಜಿಕೆಗೆ ಕಾರಣವಿದೆ. ಹಿಂದೆ ಎಷ್ಟೋ ಸಮಾಜಮಂದಿರ, ವ್ಯಾಯಾಮಶಾಲೆ, ಅಭ್ಯಾಸಿಕೆಗಳನ್ನು ಪಾಲಿಕೆಯವರು ಸಂಸ್ಥೆಗಳಿಗೆ ಹೆಸರಿಗೆ ಮಾತ್ರ ಎನ್ನುವಷ್ಟು ಬಾಡಿಗೆಗೆ ಕೊಟ್ಟಿದ್ದರು. ಕೆಲವರು ಒಳ್ಳೆಯ ಕೆಲಸ ನಡೆಸಿದರು. ಕೆಲವು ಕಡೆ ಅದು ಮನೆಯ ಆಸ್ತಿಯ ಹಾಗೆ ಆಯಿತು. 2019ರಲ್ಲಿ ಪಾಲಿಕೆಯವರು ಹಳೆಯ ಕರಾರು, ಬಾಡಿಗೆಗಳ ಲೆಕ್ಕ ತೆಗೆದು, ಇಂಥ ಅನೇಕ ಕಟ್ಟಡಗಳಿಗೆ ಸೀಲು ಹಾಕಿದರು. ತಪ್ಪು ಮಾಡಿದವರ ಜೊತೆಗೆ ಮಕ್ಕಳು ಓದುತ್ತಿದ್ದ ಅಭ್ಯಾಸಿಕೆಗಳಿಗೂ ಕೀಲಿ ಬಿತ್ತು. ಓದುವವರ ಕಡೆ ದಸ್ತಾವೇಜು ಸರಿಯಾಗಿಲ್ಲದಿದ್ದರೆ ಏನಾಗುವುದೆಂದು ಆಗ ಕಂಡಿತು.

ಛತ್ರಪತಿ ಸಂಭಾಜಿನಗರದ ಗೆಳೆಯರು (2023ರಲ್ಲಿ ಹೆಸರು ಬದಲಾಗುವವರೆಗೆ ಔರಂಗಾಬಾದ್) ವಿಶ್ವಾಸನಗರದ ಲೇಬರ್ ಕಾಲನಿಯನ್ನು ಮರೆತಿರಲಾರರು. ಸರ್ಕಾರಿ ನೌಕರರಿಗೆಂದು ಕಟ್ಟಿದ ಮನೆಗಳು. ನಿವೃತ್ತರಾದ ಮೇಲೂ ಕುಟುಂಬಗಳು ಅಲ್ಲಿಯೇ ಉಳಿದವು. ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಕೊನೆಗೆ 2022ರ ಮೇ ತಿಂಗಳಲ್ಲಿ ಎಲ್ಲವನ್ನೂ ಕೆಡವಿದರು. ಅಲ್ಲಿ ಹುಟ್ಟಿ ಬೆಳೆದವರ ದುಃಖವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಕೊಟ್ಟ ಜಾಗ ಮರಳಿ ಬರುವುದಿಲ್ಲವೆಂಬ ಹೆದರಿಕೆ ಪ್ರತಿಯೊಬ್ಬ ಅಧಿಕಾರಿಯ ಮನಸ್ಸಿನಲ್ಲಿ ಏಕೆ ಕುಳಿತಿದೆ ಎಂಬುದು ಇಂಥ ಪ್ರಸಂಗಗಳಿಂದ ತಿಳಿಯುತ್ತದೆ.

ಇಲ್ಲಿ ಸ್ವಲ್ಪ ಕಾಯದೆಯ ಮಾತು. ಬಾಡಿಗೆಪಟ್ಟೆಯೂ ಪರವಾನಗಿಯೂ ಒಂದೇ ಎಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ಹಾಗಲ್ಲ. 1882ರ ಸ್ವತ್ತು ವರ್ಗಾವಣೆ ಕಾಯದೆಯ 105ನೆಯ ಕಲಮಿನಂತೆ ಪಟ್ಟೆ ಎಂದರೆ ಸ್ವತ್ತನ್ನು ಅನುಭವಿಸುವ ಹಕ್ಕನ್ನೇ ಇನ್ನೊಬ್ಬರಿಗೆ ಕೊಡುವುದು. ಅದೇ ವರ್ಷದ ಈಸ್ಮೆಂಟ್ ಕಾಯದೆಯ 52ನೆಯ ಕಲಮಿನಲ್ಲಿ ಹೇಳಿದ ಪರವಾನಗಿ ಎಂದರೆ ಬರಿಯ ಅನುಮತಿ. ಸ್ವತ್ತಿನಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಬೀಗರ ಮನೆಯಲ್ಲಿ ಉಂಡದ್ದರಿಂದ ಮನೆ ನಮ್ಮದಾಗುವುದಿಲ್ಲವಷ್ಟೆ, ಹಾಗೆ. ಇನ್ನು 1949ರ ಮಹಾನಗರಪಾಲಿಕೆ ಕಾಯದೆಯ 79ನೆಯ ಕಲಮು ಪಾಲಿಕೆಯ ಸ್ಥಿರಸ್ವತ್ತನ್ನು ಮಾರುವಾಗ, ಪಟ್ಟೆಗೆ ಕೊಡುವಾಗ ನ್ಯಾಯವಾದ ಪೈಪೋಟಿಯಲ್ಲಿ ಬರಬಹುದಾದ ಬೆಲೆಗಿಂತ ಕಡಿಮೆಗೆ ಕೊಡಕೂಡದೆನ್ನುತ್ತದೆ. ಆದುದರಿಂದ ವರ್ಷಕ್ಕೆ ಒಂದು ರೂಪಾಯಿಗೆ ಕಟ್ಟಡ ಕೊಡಿರೆಂದು ಕೇಳುವವನು ಆಯುಕ್ತರ ಕೈಗೆ ಬೇಡಿ ತೊಡಿಸಿ ಸಹಿ ಮಾಡಿರೆಂದ ಹಾಗಾಯಿತು.

ನಾವು ಕಟ್ಟಡ ಕೇಳಬಾರದು, ಹೊತ್ತು ಕೇಳಬೇಕು. ಹನ್ನೊಂದು ತಿಂಗಳ ಪರವಾನಗಿ. ಗೊತ್ತಾದ ವಾರ, ಗೊತ್ತಾದ ತಾಸು. ಪರೀಕ್ಷೆ, ಚುನಾವಣೆ, ಸಿಂಹಸ್ಥದ ಕೆಲಸವಿದ್ದಾಗ ತಕರಾರಿಲ್ಲದೆ ಬಿಟ್ಟುಕೊಡುವೆವೆಂಬ ಮಾತು. ಗೋಡೆಗೆ ಸಂಘದ ಬೋರ್ಡು ಹಚ್ಚುವುದಿಲ್ಲವೆಂಬ ಮಾತು. ಈ ಕೊನೆಯದಕ್ಕೆ ನಮ್ಮ ಸಭೆಯಲ್ಲಿ ಬಹಳ ಚರ್ಚೆಯಾಯಿತು. ಬೋರ್ಡಿಲ್ಲದ ಸಂಘವೇನು ಸಂಘ ಎಂದು ಹಿರಿಯರೊಬ್ಬರು ಬೇಸರಗೊಂಡರು. ಅವರ ಅಭಿಮಾನ ನಮಗೂ ಉಂಟು. ಆದರೆ ಬೋರ್ಡು ಬಾಗಿಲ ಒಳಗೆ, ಮೇಜಿನ ಮೇಲೆ ನಿಲ್ಲುವಂಥದು ಸಾಕು. ಒಂಬತ್ತಕ್ಕೆ ಅದನ್ನೂ ಕಪಾಟಿನಲ್ಲಿ ಇಟ್ಟು ಹೋಗಬಹುದು.

ಬಳಸುವವರನ್ನು ಕೇಳದೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಪಂಚವಟಿಯ ಗಣೇಶವಾಡಿಗೆ ಹೋಗಿ ನೋಡಿರಿ. ಗೋದಾವರಿ ಘಾಟಿನ ಮೇಲೂ ರಸ್ತೆಯ ಮೇಲೂ ಕೂಡುವ ಕಾಯಿಪಲ್ಲೆಯವರಿಗಾಗಿ ಪಾಲಿಕೆಯವರು ಅಲ್ಲಿ ಮಂಡಿಯ ಕಟ್ಟಡ ಕಟ್ಟಿಸಿದರು. ಮಾರುವವರು ಒಳಗೆ ಹೋಗಲಿಲ್ಲ. ವರ್ಷಗಟ್ಟಲೆ ಕಟ್ಟಡ ಬಹುತೇಕ ಖಾಲಿ ನಿಂತಿತು, ಮೆಂತ್ಯ ಕೊತ್ತಂಬರಿ ಹೊರಗೇ ಮಾರಾಟವಾದವು. ಮಾರುವವಳು ಮೊಂಡಳೆಂದು ಹೇಳುವುದು ಸುಲಭ. ಅವಳ ಗಿರಾಕಿ ದಾರಿಯಲ್ಲಿ ಹೋಗುವವನು; ಅವನು ಗಾಡಿ ನಿಲ್ಲಿಸಿ ಒಳಗೆ ಬರುವುದಿಲ್ಲವೆಂಬುದು ಅವಳಿಗೆ ಗೊತ್ತು, ನಕಾಶೆ ಬರೆದವರಿಗೆ ಗೊತ್ತಿರಲಿಲ್ಲ.

ಇದೇ ಮಾತು ನಮ್ಮ ವೇಳೆಗೂ ಹೊಂದುತ್ತದೆ. ವಾಳೂಜ್, ಚಿಕಲಠಾಣ ಕಡೆಯ ಗೆಳೆಯರು ಸಂಭಾಜಿನಗರದಲ್ಲಿ ಹೊಸದಾಗಿ ವಾಚನ ಬಳಗ ಕಟ್ಟಿಕೊಂಡು, ನಮ್ಮ ಹಾಗೆ ಸಂಜೆ ಏಳರಿಂದ ಒಂಬತ್ತೆಂದು ಗೊತ್ತುಮಾಡಿದರು. ಮೂರು ತಿಂಗಳು ಬಂದವರು ಬೆರಳೆಣಿಕೆಯಷ್ಟು. ಅವರಲ್ಲಿ ಬಹುಮಂದಿ ಎರಡನೆಯ ಪಾಳಿಯವರು. ಮಧ್ಯಾಹ್ನ ಮೂರಕ್ಕೆ ಹೊಕ್ಕರೆ ರಾತ್ರಿ ಹನ್ನೊಂದಕ್ಕೆ ಬಿಡುಗಡೆ. ಅವರಿಗೆ ಸಂಜೆಯ ಶಾಲೆಕೋಣೆ ಇದ್ದರೇನು, ಬಿಟ್ಟರೇನು? ಅವರಿಗೆ ಬೇಕಾದದ್ದು ಬೆಳಿಗ್ಗೆ ಹತ್ತರಿಂದ ಒಂದು. ಆ ಹೊತ್ತಿಗೆ ಶಾಲೆ ತುಂಬಿರುತ್ತದೆ, ಸಮಾಜಮಂದಿರ ಖಾಲಿ ಇರುತ್ತದೆ. ಶಾಲೆಗೆ ಸಂಜೆ ಬಿಡುವು, ಸಮಾಜಮಂದಿರಕ್ಕೆ ಲಗ್ನದ ತಿಥಿ ಬಿಟ್ಟರೆ ಹಗಲೆಲ್ಲ ಬಿಡುವು. ಆದ್ದರಿಂದ ಆ ಗೆಳೆಯರು ಕಟ್ಟಡ ಹುಡುಕುವ ಮೊದಲು ತಮ್ಮ ಸದಸ್ಯರ ಪಾಳಿಯ ಪಟ್ಟಿ ಬರೆದುಕೊಳ್ಳಲಿ.

ದುರಸ್ತಿಯ ವಿಷಯವನ್ನೂ ಹೇಳದೆ ಬಿಡಲಾಗದು. ಸಂಭಾಜಿನಗರದ ಸಂತ ಏಕನಾಥ ರಂಗಮಂದಿರ ಪಾಲಿಕೆಯದು. ಅದರ ಅವಸ್ಥೆ ಕೆಟ್ಟು, ದುರಸ್ತಿಗೆಂದು ಮುಚ್ಚಿದ್ದು ವರ್ಷಗಳ ಮಟ್ಟಿಗೆ ತೆರೆಯಲಿಲ್ಲ. ನಾಟಕದವರು ಊರೂರು ಅಲೆದರು. ನಾಸಿಕ್‌ನ ಕಾಳಿದಾಸ ಕಲಾಮಂದಿರವನ್ನು ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಚೆನ್ನಾಗಿ ದುರಸ್ತಿ ಮಾಡಿ 2018ರಲ್ಲಿ ತೆರೆದರು, ಆಗ ಬಾಡಿಗೆ ಏರಿತೆಂದು ಕಲಾವಿದರು ತಕರಾರು ತೆಗೆದರು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಕಥೆ ಇನ್ನೂ ಕಷ್ಟದ್ದು. ಅರಸರ ಕಾಲದ ಆ ಕಟ್ಟಡದಲ್ಲಿ ಹಳೆಯ ಪುಸ್ತಕದ ಅಂಗಡಿಗಳಿದ್ದುದನ್ನು ನಮ್ಮಲ್ಲಿ ಮೈಸೂರು ಕಡೆಯವರು ಬಲ್ಲರು. ಅಂಗಡಿಯವರು ಅಲ್ಪ ಬಾಡಿಗೆ ಕೊಡುತ್ತಿದ್ದರು, ದುರಸ್ತಿಯಾಗಲಿಲ್ಲ. 2012ರ ಆಗಸ್ಟ್‌ನಲ್ಲಿ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡರು. ಆಮೇಲೆ ಎಲ್ಲರನ್ನೂ ತೆರವುಗೊಳಿಸಿ ಕಟ್ಟಡವನ್ನು ವರ್ಷಗಟ್ಟಲೆ ಖಾಲಿ ಬಿಟ್ಟರು. ಬಾಡಿಗೆ ಕಡಿಮೆ ಇರಲೆಂದು ಕೇಳುವ ನಾವು ಈ ನಾಲ್ಕು ಜೀವಗಳನ್ನು ನೆನೆದು ಕೇಳಬೇಕು. ನಾವು ಕೊಡುವ ಹಣ ಚಿಕ್ಕದು. ಹಾಗಾಗಿ ಸೋರಿಕೆ, ಸಡಿಲ ಸ್ವಿಚ್ಚು, ಬಿರುಕು ಕಂಡ ದಿನವೇ ಪುಸ್ತಕದಲ್ಲಿ ಬರೆದು ಹೆಡ್‌ಮಾಸ್ತರರಿಗೆ ತೋರಿಸುವ ಕೆಲಸವನ್ನು ಬಾಡಿಗೆಯ ಭಾಗವೆಂದೇ ತಿಳಿಯಬೇಕು. ದಿನವೂ ಜನ ಬರುವ ಕೋಣೆಯಲ್ಲಿ ಸೋರಿಕೆ ಬೇಗ ಕಾಣುತ್ತದೆ. ಕೀಲಿ ಹಾಕಿದ ಕೋಣೆಯಲ್ಲಿ ತೊಲೆ ಬಿದ್ದ ಮೇಲೆ ಕಾಣುತ್ತದೆ.

ಊರಿಗೆ ಹೋದಾಗ ನಿಮ್ಮ ಗ್ರಾಮಪಂಚಾಯತಿಯ ಗ್ರಂಥಾಲಯವನ್ನೊಮ್ಮೆ ನೋಡಿ ಬನ್ನಿರಿ. 2019ರಲ್ಲಿ ಕರ್ನಾಟಕದ 5600ಕ್ಕೂ ಮೇಲ್ಪಟ್ಟ ಗ್ರಾಮಪಂಚಾಯತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ 'ಅರಿವು ಕೇಂದ್ರ'ಗಳಾಗಿಸಲು ವಹಿಸಿದರು. ಎಷ್ಟೋ ಕಡೆ ಪಂಚಾಯತಿಯ ಹಳೆಯ ಕಟ್ಟಡಗಳಿಗೇ ಬಣ್ಣ ಬಳಿದು, ಮಕ್ಕಳಿಗೆ ಕೂಡಲು ಜಾಗ ಮಾಡಿದರು, ತೆರೆಯುವ ವೇಳೆಯನ್ನೂ ಹೆಚ್ಚಿಸಿದರು. ನಮ್ಮ ರಾಜ್ಯದಲ್ಲಿ 1965ರ ಕಾಯದೆಯಂತೆ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಉಂಟು. ಮಹಾರಾಷ್ಟ್ರದ 1967ರ ಕಾಯದೆಯಲ್ಲಿ ಆ ಕರವಿಲ್ಲ. ಇಲ್ಲಿ ಮಾನ್ಯತೆ ಪಡೆದ ಸಂಘಸಂಸ್ಥೆಗಳ ಗ್ರಂಥಾಲಯಗಳಿಗೆ ಅವುಗಳ ದರ್ಜೆಯಂತೆ ಅನುದಾನ ಸಿಗುತ್ತದೆ. 1840ರಲ್ಲಿ ಹುಟ್ಟಿದ ನಾಸಿಕ್‌ನ ಸಾರ್ವಜನಿಕ ವಾಚನಾಲಯವೂ ಹೆಸರು ಸಾರ್ವಜನಿಕವಾದರೂ ಸಂಸ್ಥೆಯವರೇ ನಡೆಸಿಕೊಂಡು ಬಂದದ್ದು. ಅದಕ್ಕೆ ತನ್ನದೇ ನಾಟ್ಯಗೃಹವಿದೆ. ನಮಗೆ ಅಂಥ ಬಲವಿಲ್ಲ. ನಾವು ಬೆಂಚು ಕೇಳುವವರು.

ಇನ್ನು ಅರ್ಜಿಯ ಕ್ರಮ. ಕಳೆದ ಮಳೆಗಾಲದಲ್ಲಿ ನಾವೇ ಮಾಡಿಕೊಂಡ ಫಜೀತಿಯನ್ನು ಮೊದಲು ಒಪ್ಪಿಕೊಳ್ಳುತ್ತೇವೆ. ಶಾಲೆಯೊಂದರ ಹೆಡ್‌ಮಾಸ್ತರರಿಗೆ ಅರ್ಜಿ ಕೊಟ್ಟೆವು. ಅವರು ಸಜ್ಜನರು, ನಮ್ಮ ಕೈಯಲ್ಲಿ ಏನಿದೆ, ಮೇಲಿನ ಕಚೇರಿಗೆ ಹೋಗಿರಿ ಎಂದರು. ಮೇಲಿನ ಕಚೇರಿಯವರು ಕಟ್ಟಡದ ವಿಷಯ ಬೇರೆ ವಿಭಾಗದ್ದೆಂದರು. ಆ ವಿಭಾಗದವರು ದಫ್ತರ ತೆಗೆದು ನೋಡಿ, ಶಾಲೆ ನಮ್ಮದು, ಕಟ್ಟಡ ನಮ್ಮದಲ್ಲ, ನಾವೇ ಅಲ್ಲಿ ಒಕ್ಕಲಿದ್ದೇವೆ ಎಂದರು. ಏಳು ವಾರ, ಹನ್ನೊಂದು ಸಲ ರಜೆ, ಎರಡು ಸಲ ಅರ್ಧ ದಿನದ ಸಂಬಳ ಕಡಿತ. ತಪ್ಪು ಅವರದಲ್ಲ. ಒಡೆಯ ಯಾರೆಂದು ತಿಳಿಯದೆ ಬಾಗಿಲು ಬಡಿದದ್ದು ನಾವು.

ಆದುದರಿಂದ ಮೊದಲ ಕೆಲಸ ಒಡೆತನದ ಶೋಧ. ಬೋರ್ಡು ನೋಡಿ ನಂಬಬೇಡಿರಿ. ಕಟ್ಟಡ ಮಹಾನಗರಪಾಲಿಕೆಯದಿರಬಹುದು, ಜಿಲ್ಲಾ ಪರಿಷತ್ತಿನದಿರಬಹುದು, ಸಾರ್ವಜನಿಕ ಬಾಂಧಕಾಮ ಖಾತೆಯದಿರಬಹುದು, ರೈಲ್ವೆಯದಿರಬಹುದು. ಸಂಭಾಜಿನಗರದ ಪನಚಕ್ಕಿಯಂಥ ಕಡೆಗೆ ಎಲ್ಲರೂ ಹೋಗುತ್ತಾರೆ, ಆದರೆ ಅದು ವಕ್ಫ್ ಸ್ವತ್ತು. ಊರೊಳಗಿನ ಜಾಗಕ್ಕೆ ಸಿಟಿ ಸರ್ವೇ ಕಚೇರಿಯಲ್ಲಿ ಪ್ರಾಪರ್ಟಿ ಕಾರ್ಡು ಸಿಗುತ್ತದೆ. ಹೊರವಲಯದ ಜಮೀನಿಗೆ ಸಾತ್‌ಬಾರಾ. ಬೆಳಗಾವಿ, ವಿಜಾಪುರ ಕಡೆಯವರು ಉತಾರ ಎನ್ನುವುದೂ ಕಲಬುರ್ಗಿ ಕಡೆಯವರು ಪಹಣಿ ಎನ್ನುವುದೂ ಇಂಥದ್ದನ್ನೇ. ಹಳೆಯ ಕಾಗದಕ್ಕೆ ಹೋಗಬೇಕಾದರೆ ನಾಸಿಕ್‌ನಲ್ಲಿ ಮೋಡಿ ಅಕ್ಷರ ಅಡ್ಡ ಬರುತ್ತದೆ, ಸಂಭಾಜಿನಗರದಲ್ಲಿ ನಿಜಾಮರ ಕಾಲದ ಉರ್ದು. ಮರಾಠವಾಡವೂ ಬೀದರ, ಕಲಬುರ್ಗಿ, ರಾಯಚೂರುಗಳೂ 1956ರವರೆಗೆ ಒಂದೇ ಹೈದರಾಬಾದು ರಾಜ್ಯದಲ್ಲಿದ್ದವಲ್ಲವೇ? ಬೀದರ ಕಡೆಯ ನಮ್ಮ ಹಿರಿಯರಲ್ಲಿ ಉರ್ದು ಓದಬಲ್ಲವರಿದ್ದಾರೆ. ಅವರ ಈ ವಿದ್ಯೆ ಇಷ್ಟು ದಿನ ಯಾರಿಗೂ ಬೇಕಾಗಿರಲಿಲ್ಲ.

ಕಚೇರಿಯಲ್ಲಿ ಬಾಯಿಮಾತಿನಿಂದ ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯದೆ ಇದೆ. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಹಚ್ಚಿ ಕೊಟ್ಟರೆ ಮೂವತ್ತು ದಿನದೊಳಗೆ ಉತ್ತರ ಬರಬೇಕು. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದ ಮಿತಿ. ನಮ್ಮವರು ಅರ್ಜಿಯಲ್ಲಿ ಮನೆತನದ ಚರಿತ್ರೆಯನ್ನೆಲ್ಲ ಬರೆಯುತ್ತಾರೆ, ಅದು ಬೇಡ. ಇಂಥ ಕಟ್ಟಡದ ಒಡೆಯರಾರು, ಸದ್ಯ ಯಾರ ಉಪಯೋಗದಲ್ಲಿದೆ, ಯಾವ ವೇಳೆಗೆ, ಯಾವ ಕರಾರಿನ ಮೇಲೆ, ಇಷ್ಟೇ ಸಾಕು. ಜಗಳದ ಧಾಟಿ ಕೂಡದು.

ಬಳಿಕ ನಿಜವಾದ ಅರ್ಜಿ. ಅದು ಆಯುಕ್ತರ ಹೆಸರಿಗೆ, ಪ್ರತಿಗಳು ಶಿಕ್ಷಣ ವಿಭಾಗಕ್ಕೂ ಮಿಳಕತ್ ವಿಭಾಗಕ್ಕೂ. ಸಂಘದ ನೋಂದಣಿ ಪತ್ರ, ಮೂರು ವರ್ಷದ ಲೆಕ್ಕಪತ್ರ ಜೊತೆಗಿರಬೇಕು. ಅರ್ಜಿ ಮರಾಠಿಯಲ್ಲಿರಬೇಕು, ಇದರಲ್ಲಿ ಅಭಿಮಾನಕ್ಕೆ ಕುಂದೇನೂ ಇಲ್ಲ, ಓದಿ ಸಹಿ ಹಾಕುವವರ ಭಾಷೆ ಅದು. ಇನ್ನೊಂದು ಮಾತನ್ನು ಕೆಲವರು ಒಪ್ಪಲಿಕ್ಕಿಲ್ಲ. ಪಾಲಿಕೆಯ ಕೋಣೆ ಸಿಕ್ಕರೆ ಅದರಲ್ಲಿ ಮರಾಠಿ ಪತ್ರಿಕೆಯೂ ಇರಬೇಕು, ಪಕ್ಕದ ಚಾಳದ ಮಕ್ಕಳಿಗೂ ಬೆಂಚು ಇರಬೇಕು. ಅವರ ತಂದೆತಾಯಿಗಳೂ ಮನೆಪಟ್ಟಿ, ನೀರುಪಟ್ಟಿ ತುಂಬುತ್ತಾರೆ. ಕನ್ನಡ ಕಲಿಸುವ ಭಾನುವಾರದ ವರ್ಗ ನಮ್ಮದು. ಉಳಿದ ಸಂಜೆಗಳ ಮೌನ ಎಲ್ಲರದು. ಕಾರ್ಯಕಾರಿ ಸಮಿತಿಯಲ್ಲಿ ಇದಕ್ಕೆ ಮೂವರು ವಿರೋಧವಾಗಿದ್ದರು. ಅವರ ಅಭಿಪ್ರಾಯವನ್ನೂ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

ಈ ಸಲ ಒಡೆತನದ ಕಾಗದ ಮೊದಲೇ ತೆಗೆಸಿದ್ದೇವೆ. ನಾವು ಹೇಳಿದ ಎರಡು ಮಾಳಿಗೆಯ ಶಾಲೆಯ ಕಟ್ಟಡ ಪಾಲಿಕೆಯದೇ. ಕೆಳಗಿನ ಅಂತಸ್ತಿನ, ರಸ್ತೆಯ ಕಡೆಯ ಎರಡು ಕೋಣೆಗಳಿಗೆ ಬೇರೆ ಬಾಗಿಲಿದೆ. ಒಳಗಿನ ಪಡಸಾಲೆ ತೆರೆಯಬೇಕಾಗಿಲ್ಲ, ಶೌಚಾಲಯವೂ ಅದೇ ಪಕ್ಕದಲ್ಲಿದೆ. ಹೆಡ್‌ಮಾಸ್ತರರನ್ನು ಕಂಡು ಬಂದೆವು. ಅವರು ಕೇಳಿದ್ದು ಒಂದೇ: ಬೆಳಿಗ್ಗೆ ಆರೂವರೆಗೆ ಶಿಪಾಯಿ ಬಂದಾಗ ಕೋಣೆ ಹೇಗಿರುತ್ತದೆ?

ಅರ್ಜಿಯ ಕರಡು ವಾಚನಾಲಯದ ಮೇಜಿನ ಮೇಲಿದೆ. ಮರಾಠಿ ಬಲ್ಲವರು ತಿದ್ದಿ ಕೊಡಬೇಕು. ಅದರ ಕೊನೆಗೆ ಕೀಲಿಯ ಹೊಣೆ ಹೊರುವ ಇಬ್ಬರ ಹೆಸರು, ವಿಳಾಸ, ಸಹಿ ಬೇಕು. ಹೊಣೆ ಎಂದರೆ ವಾರಕ್ಕೆ ಮೂರು ದಿನ ಒಂಬತ್ತು ಗಂಟೆಗೆ ತಾನೇ ನಿಂತು ಗುಡಿಸಿ, ದೀಪ ಆರಿಸಿ, ಪುಸ್ತಕದಲ್ಲಿ ಸಹಿ ಮಾಡಿ, ಕೀಲಿ ಹಾಕಿ ಹೋಗುವುದು. ಗಾಜು ಒಡೆದರೆ ತನ್ನ ಹೆಸರು ಹೇಳುವುದು. ನಾಸಿಕ್ ರೋಡಿನಲ್ಲಿರುವ ನಮ್ಮ ಸದಸ್ಯರೊಬ್ಬರು ಒಂದು ಹೆಸರಿನ ಜಾಗ ತುಂಬಿದ್ದಾರೆ. ಇನ್ನೊಂದು ಜಾಗ ಈ ಪುಟ ಅಚ್ಚಿಗೆ ಹೋಗುವ ಹೊತ್ತಿಗೆ ಖಾಲಿ ಇದೆ.